ನೂರೆಂಟು ಬಸವನಹುಳುಗಳ ಗಾಜಿನ ಕೊಳ

ದೇವರು ನದಿಗಳಿಗೆ ಇನ್ನೂ ಹೆಸರಿಡುತ್ತಿದ್ದ ಕಾಲದಲ್ಲಿ ತಿಳಿಗೊಳವೆಂಬ ಒಂದು ರಾಜ್ಯವಿತ್ತು. ಅಲ್ಲಿನ ಅರಮನೆಯ ಪಡಸಾಲೆಯಲ್ಲಿ ಸೊಂಟದೆತ್ತರದ ಗಾಜಿನ ಕೊಳ. ತಳದಲ್ಲಿ ಹೊಳೆಯ ಮರಳು, ಮರಳಿನಲ್ಲಿ ಬೇರೂರಿದ ನೀರಗಿಡಗಳು, ಎಲೆಯೆಲೆಯ ಮೇಲೂ ಬಸವನಹುಳುಗಳು. ಅದನ್ನು ನೋಡಿಕೊಳ್ಳುತ್ತಿದ್ದವಳು ಚೆನ್ನಾಜಿ. ಏಳು ವರ್ಷದ ರಾಜಕುಮಾರ ಮೃಗಾಂಕನನ್ನು ಎತ್ತಿ ಆಡಿಸಿ ಬೆಳೆಸಿದ ಸಾಕುತಾಯಿಯೂ ಅವಳೇ.

ಒಂದು ದಿನ ಜಟಾಮಾರನೆಂಬ ಮಾಂತ್ರಿಕ ಬಂದು ರಾಜಗುರುವಿನ ಪೀಠ ಕೇಳಿದ. ದೊರೆ ಕೊಡಲಿಲ್ಲ. ಸಿಟ್ಟಿಗೆದ್ದ ಮಾಂತ್ರಿಕ, ಕೊಳದ ಬಳಿ ಆಡುತ್ತಿದ್ದ ಕುಮಾರನ ಮೇಲೆ ಒಂದು ಹಿಡಿ ಬೂದಿ ಎರಚಿದ. ಮಗು ಮಾಯ! ಕೊಳದಲ್ಲಿ ನೂರೇಳಿದ್ದ ಹುಳುಗಳು ನೂರೆಂಟಾದವು.

"ನೂರೆಂಟರಲ್ಲಿ ಒಂದು ನಿಮ್ಮ ಕುಮಾರ," ಎಂದು ನಕ್ಕ ಜಟಾಮಾರ. "ಮೂರನೆಯ ಹುಣ್ಣಿಮೆಯ ಚಂದ್ರ ಮೂಡುವ ತನಕ ಇವುಗಳಲ್ಲಿ ಒಂದೂ ಸಾಯದಿದ್ದರೆ ಮಾಟ ಮುರಿದೀತು. ಒಂದು ಸತ್ತರೂ ಸಾಕು, ಅವನು ಎಂದೆಂದಿಗೂ ಹುಳುವೇ!"

ದೊರೆ ಕುಸಿದು ಕೂತ. ಚೆನ್ನಾಜಿ ದೇವರ ಕೋಣೆಯ ಕಡೆ ತಿರುಗಿ ಕೈಮುಗಿದಳು. "ಕೂಸನ್ನ ನೀರೊಳಗಾದರೂ ಉಳಿಸಿದೆಯಲ್ಲ ತಂದೆ, ನಿನ್ನ ಉಪಕಾರ ದೊಡ್ಡದು. ಇನ್ನು ನಾನು ನೋಡ್ಕೋತೀನಿ, ನೀನು ಜೊತೆಗಿರು."

"ಇವುಗಳಲ್ಲಿ ನನ್ನ ಮಗ ಯಾವುದು, ಹುಡುಕೇ ಚೆನ್ನಾಜಿ," ಎಂದು ರಾಣಿ ಹೇಮಾಂಬೆ ಅತ್ತಳು.

"ಹುಡುಕೋದು ಬೇಡ ಅಮ್ಮಣ್ಣಿ. ನೂರೆಂಟೂ ಅವನೇ ಅಂದ್ಕೊಂಡು ಸಾಕೋಣ."

ಮೊದಲ ತಿಂಗಳು ಜಟಾಮಾರ ಬೆರಳೂ ಅಲ್ಲಾಡಿಸಲಿಲ್ಲ. ರಾಣಿಯ ಪ್ರೀತಿಯೇ ಸಾಕಾಯಿತು. ಒಂದು ಬೆಳಿಗ್ಗೆ ನೋಡಿದರೆ ನೀರು ಗಂಜಿಯ ಹಾಗೆ ಬೆಳ್ಳಗಾಗಿತ್ತು. ಹುಳುಗಳೆಲ್ಲ ಉಸಿರಿಗಾಗಿ ಮೇಲಿನ ಅಂಚಿಗೆ ಹತ್ತಿದ್ದವು. ಚೆನ್ನಾಜಿ ಮೂಗಿಗೆ ಸೆರಗು ಹಿಡಿದಳು.

"ಏನು ಹಾಕಿದಿರಿ ಅಮ್ಮಣ್ಣಿ?"

"ಮಗು ಹಸಿದಿರುತ್ತೆ ಅಂತ... ಒಂದಿಷ್ಟು ಪಾಯಸ."

"ಒಂದಿಷ್ಟೋ, ಒಂದು ಕೊಪ್ಪರಿಗೆಯೋ? ಅವು ತಿಂದದ್ದು ಬೆರಳ ತುದಿಯಷ್ಟು. ಮಿಕ್ಕಿದ್ದೆಲ್ಲ ಕೊಳೀತು. ಇದಕ್ಕೆ ಮಾಂತ್ರಿಕ ಬೇರೆ ಬೇಕಾ ನಮಗೆ?"

ಬೈದರೂ ರಾಣಿಯ ಕಣ್ಣನ್ನು ತನ್ನ ಸೆರಗಿನಿಂದಲೇ ಒರೆಸಿದಳು. ಕೊಳೆತದ್ದನ್ನು ಬಟ್ಟೆಯಲ್ಲಿ ಸೋಸಿ ತೆಗೆದಳು. ದಿನಕ್ಕಿಷ್ಟು ಹಳೆಯ ನೀರು ತೋಡಿ, ಮಣ್ಣಿನ ಗಡಿಗೆಯಲ್ಲಿ ತಂಗಿದ ನೀರು ತುಂಬಿದಳು. ಬೇಯಿಸಿದ ಹೀರೇಕಾಯಿಯ ಹೋಳುಗಳನ್ನು ಇಳಿಬಿಟ್ಟು, ಉಳಿದದ್ದನ್ನು ಸಂಜೆಯೊಳಗೆ ತೆಗೆದಳು. ಹುಳುಗಳು ಮೆಲ್ಲಗೆ ಕೆಳಗಿಳಿದವು. ಎಣಿಸಿದಳು: ನೂರೆಂಟು. "ನಿನ್ನ ಕೃಪೆ," ಎಂದು ಕೈಮುಗಿದಳು.

ಎರಡನೆಯ ತಿಂಗಳು ಜಟಾಮಾರ ಒಂದು ಮಾಯೆಯ ಕರಿಗಪ್ಪೆಯನ್ನು ಕೊಳಕ್ಕೆ ಬಿಟ್ಟ. ಅದು ನೀರಿಗೆಲ್ಲ ಹುಳಿ ಉಗುಳಿತು. ಚಿಪ್ಪುಗಳು ಸುಣ್ಣ ಕಿತ್ತ ಗೋಡೆಯಂತೆ ಬಿಳಿಚಿ, ಚುಕ್ಕೆ ಚುಕ್ಕೆ ತೂತುಬಿದ್ದವು. ಚೆನ್ನಾಜಿ ಗುಡಿಗೆ ಓಡಿ ಅರ್ಚಕ ಶಂಭಯ್ಯನವರ ಮುಂದೆ ನಿಂತಳು.

"ಅಯ್ನೋರೇ, ಚಿಪ್ಪಿಗೆ ಚಿಪ್ಪೇ ಮದ್ದು. ಏನಾದರೂ ಇದೆಯಾ?"

ಶಂಭಯ್ಯ ಮೂಲೆಯಿಂದ ಬಿರುಕುಬಿಟ್ಟ ಶಂಖವೊಂದನ್ನು ತಂದರು. "ಊದಿದರೆ ಬರೀ ಗಾಳಿ. ಎಸೆಯೋಕೆ ಮನಸ್ಸು ಬಂದಿರಲಿಲ್ಲ. ಸ್ವಾಮಿ ಇದಕ್ಕೇ ಇಡಿಸಿದ್ದ ಅಂತ ಕಾಣುತ್ತೆ, ತಗೋ ತಾಯಿ."

ಚೆನ್ನಾಜಿ ಅದನ್ನು ಕಣ್ಣಿಗೊತ್ತಿಕೊಂಡು, ಕುಟ್ಟಿ, ಮರಳಿನ ಮೇಲೆ ಹರಡಿದಳು. ನೀರಿನ ಹುಳಿ ಮುರಿಯಿತು. ಹುಳಿಯಿಂದಲೇ ಬದುಕಿದ್ದ ಕಪ್ಪೆ ನೊರೆಯಾಗಿ ಕರಗಿತು. ಚಿಪ್ಪಿನ ಅಂಚಿಗೆ ಹೊಸ ಗಟ್ಟಿ ಗೆರೆ ಮೂಡಿತು. ಎಣಿಸಿದಳು: ನೂರೆಂಟು.

ಮೂರನೆಯ ಹುಣ್ಣಿಮೆಯ ಸಂಜೆ. ಚಂದ್ರ ಮೂಡಲು ಇನ್ನೊಂದು ಗಳಿಗೆ ಇರುವಾಗ ಕಾವಿ ತೊಟ್ಟ ಸನ್ಯಾಸಿಯೊಬ್ಬ ತಾಮ್ರದ ಚೊಂಬು ಹಿಡಿದು ಬಂದ.

"ದೊರೆಯೇ, ಇದು ಪುಣ್ಯತೀರ್ಥ. ಕೊಳಕ್ಕೆ ಸುರಿಸು, ಮಗ ಎದ್ದು ಬರುತ್ತಾನೆ."

"ಸುರಿ ಚೆನ್ನಾಜಿ, ಬೇಗ!" ಎಂದ ದೊರೆ.

ಚೊಂಬು ಕೈಗೆ ಬಂತು. ಚೆನ್ನಾಜಿ ಅದನ್ನು ತಿರುಗಿಸಿ ನೋಡಿದಳು. ತಾಮ್ರದಲ್ಲಿ ನಿಂತ ನೀರು ಮನುಷ್ಯರಿಗೆ ಪಾವನ, ಬಸವನಹುಳುಗಳಿಗೆ ವಿಷ. ಅವಳ ತಾಯಿ ಹೇಳಿಕೊಟ್ಟ ಮೊದಲ ಪಾಠವೇ ಅದು. ಆದರೆ ತೀರ್ಥ ಬೇಡವೆನ್ನಲು ಅವಳಿಗೆ ಬಾಯಿ ಬಾರದು. ಕಣ್ಣುಮುಚ್ಚಿ ದೇವರನ್ನು ನೆನೆದಳು. ಕಣ್ಣು ಬಿಟ್ಟಾಗ ಕಂಡದ್ದು ಸನ್ಯಾಸಿಯ ಧೂಳು ಮೆತ್ತಿದ ಪಾದಗಳು.

"ಅಯ್ಯೋ ಬುದ್ಧಿ, ಎಂಥಾ ತಪ್ಪಾಯ್ತು! ಮಹಾತ್ಮರ ಪಾದ ತೊಳೆಯದೆ ಒಳಗೆ ನಿಲ್ಲಿಸಿದ್ದೀವಲ್ಲ."

"ಬೇಡ! ನನ್ನ ಕಾಲಿಗೆ ಬೇಡ!" ಎಂದು ಸನ್ಯಾಸಿ ಹಿಂದೆ ಸರಿದ.

"ಸಂಕೋಚ ಬೇಡಿ ಸ್ವಾಮಿ. ಇದಕ್ಕಿಂತ ಒಳ್ಳೆ ನೀರು ಎಲ್ಲಿ ತರಲಿ?" ಎಂದು ಚೆನ್ನಾಜಿ ಚೊಂಬಿನ ನೀರನ್ನೆಲ್ಲ ಅವನ ಪಾದಕ್ಕೇ ಸುರಿದಳು.

ಸನ್ಯಾಸಿಯ ವೇಷದಲ್ಲಿದ್ದವನು ಜಟಾಮಾರನೇ. ಕುಮಾರ ಹೇಗೋ ಎದ್ದರೂ ಮತ್ತೆ ಹುಳುವಾಗಲೆಂದು, ಸೋಕಿದವರೆಲ್ಲ ಹುಳುವಾಗುವಂತೆ ಆ ನೀರನ್ನು ಮಂತ್ರಿಸಿದ್ದ. ಕಾವಿ ಬಟ್ಟೆ ಕುಸಿದುಬಿತ್ತು. ಅದರ ಮಡಿಕೆಯಿಂದ ಒಂದು ಕರಿಯ ಬಸವನಹುಳು ಮುಜುಗರದಿಂದ ಕೊಂಬು ಚಾಚಿತು.

ಅಷ್ಟರಲ್ಲಿ ಚಂದ್ರ ಮೂಡಿದ. ಕೊಳದಲ್ಲಿ ದಬಾರೆಂದು ನೀರು ಚಿಮ್ಮಿ, ತಲೆಯ ಮೇಲೆ ನೀರಗಿಡ ಹೊತ್ತ ಮೃಗಾಂಕ ಎದ್ದು ನಿಂತ.

"ಚೆನ್ನಾಜಮ್ಮಾ, ಇನ್ನು ಮೇಲೆ ಹೀರೇಕಾಯಿ ಬೇಡ. ಅನ್ನ ಸಾರು ಹಾಕು!"

ರಾಣಿ ಅಳುತ್ತಲೇ ನಕ್ಕಳು. ಚೆನ್ನಾಜಿ ಒದ್ದೆ ಮಗುವನ್ನು ಅಪ್ಪಿಕೊಂಡಳು. ಏನು ಬೇಕೋ ಕೇಳು ಎಂದ ದೊರೆಗೆ, "ಪಡಸಾಲೆಗೆ ತಾಮ್ರ ತರಬೇಡಿ ಬುದ್ಧಿ, ಅಷ್ಟೇ ಸಾಕು," ಎಂದಳು. ಕರಿಯ ಹುಳುವನ್ನು ತೋಟದ ಹೊಂಡಕ್ಕೆ ಬಿಟ್ಟಳು. ವಾರಕ್ಕೊಮ್ಮೆ ಅವನಿಗೂ ಒಂದು ಹೋಳು ಹೀರೇಕಾಯಿ ಸಲ್ಲುತ್ತಿತ್ತು.

ಹೀಗೆ ತಿಳಿಗೊಳದವರೆಲ್ಲ ನೆಮ್ಮದಿಯಾಗಿ ಬಾಳಿದರು. ನಮ್ಮಲ್ಲಿ ಯಾರು ಹೆಚ್ಚೆಂದು ಹುಡುಕದೆ, ಒಬ್ಬರನ್ನೂ ಬಿಡದೆ, ದಿನವೂ ಎಣಿಸಿ ಸಾಕುತ್ತಿರುವ ಆ ದೇವರಿಗೆ ಶರಣು.