ಮೂಗಿಗೊಂದು ಬೀಗ

ಸಂಜೆಯ ಮೂಡಗಾಳಿ ಬೀಸತೊಡಗಿದ ಕೂಡಲೇ ಮೇದಿನಿಯ ಮೂಗಿನೊಳಗೆ ಮೇಲ್ತುದಿಯಲ್ಲಿದ್ದ ಘ್ರಾಣಕವಾಟ ತನ್ನ ಕೆಲಸ ಮಾಡಿತು. ಮಾಡಿತೆಂದು ಅವಳಿಗೆ ತಿಳಿಯಲಿಲ್ಲ. ನಾತವನ್ನು ತಿಳಿಯಗೊಡದಿರುವುದೇ ಅದರ ಕೆಲಸ. ಜೋಳದ ಕಾಳಿನಷ್ಟಿದ್ದ ಆ ಯಂತ್ರವನ್ನು ಬಡಾವಣೆಯ ಜನ ಮೂಗುಬೀಗ ಎಂದು ಕರೆಯುತ್ತಿದ್ದರು. ಬೀದಿಯ ಕೊನೆಗೆ ಕಸದ ಬೆಟ್ಟ. ಮಾಗಣಿಪುರ ಪಟ್ಟಣ ತಿಂದು ಬಿಸುಟದ್ದೆಲ್ಲ ಅಲ್ಲಿ ರಾಶಿಯಾಗಿ ಬಿದ್ದು, ಒಳಗೊಳಗೇ ಕೊಳೆತು ಹೊಗೆಯಾಡುತ್ತಿತ್ತು. ಆದರೂ ಮನೆಮನೆಯ ಕಿಟಕಿಗಳು ತೆರೆದೇ ಇದ್ದವು. ಎದುರು ಮನೆಯ ಮಾಳಿಗೆಯ ಮೇಲೆ ಯಾರೋ ಒಣಗಿದ ಸಂಡಿಗೆಯನ್ನು ನಿಧಾನವಾಗಿ ಬಿಡಿಸುತ್ತಿದ್ದರು.

ಆಗಲೇ ಕೂಸು ಅಳತೊಡಗಿತು.

“ಬಂತು ನೋಡು ನಿನ್ನ ಮಗಳ ಸಂಧ್ಯಾವಂದನೆ,” ಎಂದರು ಅತ್ತೆ ದೊಡ್ಡಮ್ಮಣ್ಣಿ ಅಡುಗೆಮನೆಯಿಂದಲೇ.

ಮೇದಿನಿ ಕೂಸನ್ನು ಎದೆಗೆ ಹಾಕಿಕೊಂಡರೆ ಅದು ಮುಖ ತಿರುವಿತು. ಬಾಯಿಗೆ ಬಿದ್ದ ಹಾಲನ್ನು ಉಗುಳಿ, ಮುಷ್ಟಿ ಬಿಗಿದು, ಉಸಿರುಗಟ್ಟಿದ ಹಾಗೆ ಚೀರಿತು. ದೀಪಾವಳಿ ಕಳೆದು ಗಾಳಿಯ ದಿಕ್ಕು ಬದಲಾದ ಮೇಲೆ ದಿನವೂ ಇದೇ ಪಾಡು. ಅಂಗನವಾಡಿಯ ತಕ್ಕಡಿಯಲ್ಲಿ ಕೂಸಿನ ತೂಕ ಏರುವುದು ನಿಂತು, ಈಗ ಇಳಿಯತೊಡಗಿತ್ತು. ಗಂಡ ಯೋಗಾನಂದ ಲಾರಿಯ ಮೇಲೆ ಹೋದವನು ವಾರಕ್ಕೊಮ್ಮೆ ಬಂದು ಮಗುವನ್ನು ಎತ್ತಿ, ಹಗುರವಾಗಿದ್ದಾಳಲ್ಲ ಎಂದು ಪೆಚ್ಚುಮೋರೆ ಹಾಕಿಕೊಂಡು ಹೋಗುತ್ತಿದ್ದ. ಪಟ್ಟಣದ ಮಕ್ಕಳ ಡಾಕ್ಟರ ಬಳಿ ಎರಡು ಬಾರಿ ಓಡಿದ್ದಾಯಿತು. ಅಲ್ಲಿಯ ಬೆಂಚಿನ ಮೇಲೆ ಕೂತದ್ದೇ ತಡ, ಕೂಸು ಗಟಗಟನೆ ಕುಡಿದಿತ್ತು. ಡಾಕ್ಟರು ಮೇದಿನಿಯ ಮುಖವನ್ನೇ ನೋಡಿ, ತಾಯಿ ಸರಿಯಾಗಿ ನಿದ್ದೆ ಮಾಡಬೇಕು ಎಂದು ಬುದ್ಧಿ ಹೇಳಿ ಕಳಿಸಿದ್ದರು.

ಆ ಸಂಜೆ ದೊಡ್ಡಮ್ಮಣ್ಣಿ ದೃಷ್ಟಿ ತೆಗೆದರು. ಉಪ್ಪು, ಮೆಣಸಿನಕಾಯಿ, ಬಾಣಂತಿಯ ತಲೆಗೂದಲ ಒಂದು ಎಳೆ, ಮೂರನ್ನೂ ಕೂಸಿಗೆ ನಿವಾಳಿಸಿ ಕೆಂಡಕ್ಕೆ ಹಾಕಿದರು. ಮೆಣಸಿನಕಾಯಿಯ ಘಾಟಿಗೆ ಇಬ್ಬರಿಗೂ ಕೆಮ್ಮು ಬಂತು. ಕೂದಲು ಮಾತ್ರ ಚಟಪಟ ಸುರುಟಿಕೊಂಡು ಉರಿದು ಬೂದಿಯಾಯಿತು, ನಾತವೇ ಇಲ್ಲ. ಸುಟ್ಟ ಕೂದಲು ನಾರದಿದ್ದರೆ ದೃಷ್ಟಿ ಬಲವಾಗಿದೆ ಎಂಬುದು ಆ ಮನೆಯ ಹಳೆಯ ನಂಬಿಕೆ.

“ಅಯ್ಯೋ ಶಿವನೇ, ಭಾರಿ ಕಣ್ಣೇ ಬಿದ್ದೈತೆ ಕಣೇ. ಇಂಥದ್ದು ನಾನು ಕಂಡೇ ಇರ್ನಿಲ್ಲ,” ಎಂದು ದೊಡ್ಡಮ್ಮಣ್ಣಿ ಕುಸಿದು ಕೂತರು.

ಮೇದಿನಿ ಕೆಂಡವನ್ನೇ ನೋಡುತ್ತಿದ್ದಳು. ತಾಳಿಸಿದ ಇಂಗಿನ ವಾಸನೆಯೂ ಹೀಗೆಯೇ ಬರುತ್ತಿರಲಿಲ್ಲ. ಕಳೆದ ಬೇಸಿಗೆಯಲ್ಲಿ ಹಲಸು ಬಿಡಿಸುವಾಗಲೂ ಬಂದಿರಲಿಲ್ಲ. ಅತ್ತೆ ಸಾರಿಗೆ ಇಂಗನ್ನು ಹೆಚ್ಚಿಸುತ್ತಲೇ ಹೋಗಿ, ಊಟಕ್ಕೆ ಬಂದ ನೆಂಟರು ಒಂದು ತುತ್ತಿಗೇ ಕೈ ತೊಳೆದಿದ್ದು ನೆನಪಾಯಿತು.

ಮರುದಿನ ಬೀಗದ ಡಾಕ್ಟರು ಸಮುದಾಯ ಭವನಕ್ಕೆ ಬರುವ ದಿನವಾಗಿತ್ತು. ಡಾ. ರೇವಣಸಿದ್ಧಯ್ಯನವರು ಬಡಾವಣೆಯವರ ಮೂಗುಗಳನ್ನು ತಪಾಸಣೆ ಮಾಡಲು ಆಗಾಗ ಬರುತ್ತಿದ್ದರು. ಅವರು ಘ್ರಾಣಕವಾಟವನ್ನು ಕಂಡುಹಿಡಿದದ್ದು ಈ ಬೆಟ್ಟಕ್ಕಾಗಿ ಅಲ್ಲ. ಕೆಲವರಿಗೆ ಜ್ವರ ಬಿಟ್ಟ ಮೇಲೆ ಅನ್ನವೂ ಕಾಫಿಯೂ ಕೊಳೆತ ಹಾಗೆ ನಾರುತ್ತವೆ. ಅಂಥ ರೋಗಿಗಳು ಎರಡು ತುತ್ತು ಉಣ್ಣಲಿ ಎಂದು ಮಾಡಿದ್ದು. ಕಸ ತೆಗೆಸುವುದಕ್ಕಿಂತ ಮೂಗು ಮುಚ್ಚಿಸುವುದು ಅಗ್ಗ ಎಂದು ಹೊಳೆದದ್ದು ನಗರಸಭೆಗೆ. ಬೀಗಗಳನ್ನು ಪುಕ್ಕಟೆಯಾಗಿ ಹಂಚಿದ ವರ್ಷವೇ ದೂರುಗಳು ನಿಂತವು. ದೂರು ನಿಂತ ಮೇಲೆ ಪಕ್ಕದ ಊರುಗಳ ಕಸವೂ ಬರತೊಡಗಿತು.

ಮೇದಿನಿ ಮಾತು ಕಡಿಮೆಯ ಹೆಣ್ಣು. ಎಲ್ಲರೂ ಹೋಗುವ ತನಕ ಅಳುವ ಕೂಸನ್ನು ಭುಜಕ್ಕೆ ಹಾಕಿಕೊಂಡು ಗೋಡೆಗೊರಗಿ ನಿಂತಿದ್ದಳು. ಕೊನೆಗೆ, ಕೂದಲು ಸುಟ್ಟರೆ ನಾತ ಬಾರದಿರುವುದು ಈ ಬೀಗದಿಂದಲೋ ಎಂದು ನೆಲ ನೋಡುತ್ತಾ ಕೇಳಿದಳು.

ಡಾಕ್ಟರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಮೂಗಿನೊಳಗಿನ ತೇವದ ಪೊರೆಯಲ್ಲಿ ವಾಸನೆ ಹಿಡಿಯುವ ಲಕ್ಷಾಂತರ ಘ್ರಾಣಗ್ರಾಹಕಗಳಿವೆ, ಅವು ಸುಮಾರು ನಾನೂರು ಬಗೆ ಎಂದು ವಿವರಿಸಿದರು. ಒಂದೇ ಬಗೆಯವು ಒಂದೇ ಕಡೆ ಇರುವುದಿಲ್ಲ, ಚೆದುರಿಕೊಂಡಿರುತ್ತವೆ. ಆದರೆ ಅವುಗಳ ನರದೆಳೆಗಳು ಜರಡಿಯಂಥ ಮೂಳೆಯ ತೂತುಗಳಿಂದ ಮೇಲೇರಿ, ಮಿದುಳಿನ ಮುಂಭಾಗದ ಘ್ರಾಣಕಂದವನ್ನು ಸೇರುವಾಗ ತಂತಮ್ಮ ಬಗೆಯವನ್ನೇ ಹುಡುಕಿಕೊಂಡು ಹೋಗಿ ತಮ್ಮದೇ ಒಂದು ಗಂಧಗಂಟಿನಲ್ಲಿ ಕೂಡುತ್ತವೆ.

“ಬಯಲಲ್ಲಿ ಮೇಯೋ ದನ ಇದ್ದಂಗೆ ಕಣಮ್ಮ. ಹಗಲೆಲ್ಲ ಕಲೆತು ಮೇದ್ರೂ ಸಂಜೆಗೆ ಅವರವರ ಕೊಟ್ಟಿಗೆಗೇ ಹೋಗ್ತವೆ. ಮುದಿ ಹಸು ಸತ್ತು ಹೊಸ ಕರು ಹುಟ್ಟಿದ್ರೂ ಅದೇ ಕೊಟ್ಟಿಗೆ.”

ಒಂದು ವಾಸನೆಗೆ ಒಂದೇ ಗಂಟು ಎಂಬ ಲೆಕ್ಕವಿಲ್ಲ. ಹಲವು ಗಂಟುಗಳು ಒಟ್ಟಿಗೆ ಮಿಣುಕಿದರೆ ಒಂದು ವಾಸನೆ. ಅವೇ ಗಂಟುಗಳು ಬೇರೆಯವುಗಳ ಜೊತೆ ಸೇರಿದರೆ ಇನ್ನೊಂದು. ಕೊಳೆತದ್ದಕ್ಕೆ, ಗಂಧಕಕ್ಕೆ ಮಿಣುಕುವ ಗಂಟುಗಳನ್ನು ಕವಾಟ ಸುಮ್ಮನಾಗಿಸುತ್ತದೆ. ಅವುಗಳ ಜೊತೆಗೆ ಇಂಗು, ಹಲಸು, ಸುಟ್ಟ ಕೂದಲು ಎಲ್ಲಕ್ಕೂ ಪೆಟ್ಟು ಬಿತ್ತು. ಮೆಣಸಿನಕಾಯಿಯ ಘಾಟು ಬೇರೆಯೇ ನರದ್ದು, ಅದಕ್ಕೆ ಬೀಗವಿಲ್ಲ.

“ಹಂಗಾದ್ರೆ ಮಗೂಗೆ?” ಎಂದಳು ಮೇದಿನಿ.

“ಮಕ್ಕಳಿಗೆ ಹಾಕೋ ಹಾಗಿಲ್ಲ. ಅವರ ದನಗಳು ಇನ್ನೂ ದಾರಿ ಕಲೀತಾ ಇರ್ತವೆ. ಈಗ ಕೊಟ್ಟಿಗೆ ಮುಚ್ಚಿದ್ರೆ ಆಮೇಲೆ ಜನ್ಮಪೂರ್ತಿ...” ಡಾಕ್ಟರು ಎದ್ದು ಕಿಟಕಿಯ ಬಳಿ ಹೋದರು.

ಹೊರಗೆ ಮೂಡಗಾಳಿ ಎದ್ದಿತ್ತು. ಭುಜದ ಮೇಲಿನ ಕೂಸಿನ ಅಳುವಿನಾಚೆ, ಮುಂದಿನ ಮನೆಯಿಂದ ಇನ್ನೊಂದು ಅಳು; ಅದರಾಚೆಯ ಸಾಲಿನಿಂದ ಮತ್ತೊಂದು. ಇಡೀ ಬಡಾವಣೆಯ ಕೈಗೂಸುಗಳು ಒಟ್ಟಿಗೆ ಅಳುತ್ತಿದ್ದವು. ದಿನವೂ ಕೇಳುತ್ತಿದ್ದ ಸದ್ದೇ. ಸಂಜೆಯಾದರೆ ಮಕ್ಕಳು ಅಳುವುದುಂಟು ಎಂದು ಎಲ್ಲರೂ ತಂತಮ್ಮ ಕೂಸನ್ನು ತಟ್ಟುತ್ತಾ ಕೂತಿದ್ದರು.

“ಕೂಸುಗಳು ನಾತಕ್ಕೇ ಅಳ್ತವೆ ಅನ್ನೋದು ನನಗೆ ಹೊಳೀಲೇ ಇಲ್ಲ,” ಎಂದರು ಡಾಕ್ಟರು.

“ನನ್ನದು ತೆಗೆದುಬಿಡಿ ಸಾರ್.”

“ತಡ್ಕೊಳಕ್ಕಾಗಲ್ಲಮ್ಮ.”

“ನಾತ ಎಲ್ಲಿಲ್ಲ ಅಂತ ಗೊತ್ತಾಗಬೇಕಾದ್ರೆ ಎಲ್ಲಿದೆ ಅಂತ ಗೊತ್ತಾಗ್ಬೇಕಲ್ಲ.”

ಅಷ್ಟು ಉದ್ದದ ಮಾತನ್ನು ಆಡಿದ್ದಕ್ಕೆ ಅವಳಿಗೇ ನಾಚಿಕೆಯಾಯಿತು. ಡಾಕ್ಟರು ಅಯಸ್ಕಾಂತದ ಕೀಲಿಯನ್ನು ಅವಳ ಹುಬ್ಬುಗಳ ನಡುವೆ ಹಿಡಿದು ತಿರುಗಿಸಿದರು.

ಮೊದಲು ಏನೂ ಆಗಲಿಲ್ಲ. ಆಮೇಲೆ, ಮರೆತೇ ಹೋಗಿದ್ದ ಬೆಟ್ಟ ಅವಳ ತಲೆಯೊಳಗೇ ಕುಸಿಯಿತು. ಕೂಸನ್ನು ಡಾಕ್ಟರ ಕೈಗಿತ್ತು ಹೊರಗೋಡಿ, ಚರಂಡಿಯ ಪಕ್ಕ ಕೂತು ಕಕ್ಕಿದಳು. ಈ ನಾತದ ನಡುವೆ ಕೂಸಿನ ಬಾಯಿಗೆ ಎದೆ ತುರುಕಿ, ಕುಡಿ, ಕುಡಿ ಎಂದು ಗದರಿದ್ದೆನಲ್ಲ ಎಂಬುದೊಂದೇ ಅವಳ ಮನಸ್ಸಿಗೆ ಬಂದದ್ದು.

ಬಾಯಿ ಒರೆಸಿಕೊಂಡು ಕೂಸನ್ನು ಎತ್ತಿಕೊಂಡು ನಡೆದಳು. ಪಡುವಲಿಗೆ ಹೋದರೆ ಗಾಳಿಯೂ ಬೆನ್ನಟ್ಟಿ ಬಂತು. ತೆಂಕಲ ಓಣಿಯಲ್ಲೂ ಅದೇ. ಉಳಿದದ್ದು ಬೆಟ್ಟದ ಬುಡದ ರಸ್ತೆ. ಸೆರಗನ್ನು ಕೂಸಿನ ಮುಖಕ್ಕೆ ಮುಚ್ಚಿ, ಕಪ್ಪು ನೀರು ಒಸರುವ ಆ ರಸ್ತೆಯಲ್ಲಿ ಬೆಟ್ಟವನ್ನು ಬಳಸಿ ಹೋದಳು. ತಿರುವಿನಾಚೆ, ಯಾರೋ ಬಾಗಿಲು ಹಾಕಿದ ಹಾಗೆ ನಾತ ನಿಂತುಹೋಯಿತು; ಸೆರಗಿಗೆ ಅಂಟಿದ ಕೊಂಚ ಮಾತ್ರ ಉಳಿಯಿತು. ಎದುರಿಗೆ ನಗರಸಭೆಯ ಹೊಸ ಕಟ್ಟಡ. ವರ್ಷದುದ್ದಕ್ಕೂ ಬೆಟ್ಟದ ಗಾಳಿ ಸೋಕದ ಜಾಗವನ್ನು ಹುಡುಕಿಸಿಯೇ ಅದನ್ನು ಕಟ್ಟಿಸಿದ್ದರು. ಮುಂದೆ ಕತ್ತರಿಸಿ ಬಿಟ್ಟ ಹುಲ್ಲು, ಅಗಲವಾದ ಮೆಟ್ಟಿಲು. ಮೇದಿನಿ ಮೆಟ್ಟಿಲ ಮೇಲೆ ಕೂತಳು. ಕೂಸು ಎರಡು ಬಾರಿ ಬಿಕ್ಕಿ, ಎದೆ ಹುಡುಕಿಕೊಂಡು, ಕಣ್ಣು ಮುಚ್ಚಿ ಕುಡಿಯತೊಡಗಿತು.

ಮರುದಿನ ದೊಡ್ಡಮ್ಮಣ್ಣಿಯೂ ಬಂದರು, ಸೊಸೆಗೆ ತಲೆ ಕೆಟ್ಟಿದೆಯೋ ಎಂದು ನೋಡಲು. ಕೂಸು ಕುಡಿದದ್ದನ್ನು ಕಣ್ಣಾರೆ ಕಂಡು ಬೀದಿಗೆಲ್ಲ ಹೇಳಿದರು. ದಿನ ಕಳೆದಂತೆ ಗಾಳಿ ಏಳುವ ಹೊತ್ತಿಗೆ ಬಡಾವಣೆಯ ಬಾಣಂತಿಯರೆಲ್ಲ ಮೇದಿನಿಯ ಹಿಂದೆ ಹೊರಡುವುದು ರೂಢಿಯಾಯಿತು. ಮೆಟ್ಟಿಲು ತುಂಬಿ, ಹುಲ್ಲು ತುಂಬಿ, ಮಳೆ ಹನಿದ ಒಂದು ಸಂಜೆ ಒಳಗಿನ ಜಗಲಿಯೂ ತುಂಬಿತು.

ಅಧಿಕಾರಿ ಹೊರಗೆ ಬಂದರು. ನಿಮ್ಮ ದೂರು ಏನು, ಬರೆದು ಕೊಡಿ ಎಂದರು.

“ದೂರು ಗೀರು ಏನಿಲ್ಲ ಸ್ವಾಮಿ,” ಎಂದರು ದೊಡ್ಡಮ್ಮಣ್ಣಿ ಕಾಲು ನೀಡಿಕೊಂಡು. “ಮಕ್ಳು ಹಾಲು ಕುಡೀತಾವೆ. ಆದ್ಮೇಲೆ ಎದ್ದೋಯ್ತೀವಿ. ನಾಳೆ ಬತ್ತೀವಿ.”

ಅಧಿಕಾರಿ ಏನೋ ಹೇಳಲು ಬಾಯಿ ತೆರೆದವರು ಥಟ್ಟನೆ ಮುಚ್ಚಿಕೊಂಡು ಕರವಸ್ತ್ರವನ್ನು ಮೂಗಿಗೊತ್ತಿದರು. ಅವರ ಹಿಂದಿದ್ದ ಗುಮಾಸ್ತನೂ ಒತ್ತಿಕೊಂಡ. ನಾತ ಬರದ ಕಟ್ಟಡದಲ್ಲಿ ಕೂರುವವರಿಗೆ ಬೀಗವೇಕೆಂದು ಆ ಕಚೇರಿಯಲ್ಲಿ ಒಬ್ಬರೂ ಹಾಕಿಸಿಕೊಂಡಿರಲಿಲ್ಲ. ಕಿಟಕಿ ಮುಚ್ಚಿಸಿ ಎಂದು ಒಳಗೆ ಯಾರೋ ಹೇಳುತ್ತಿದ್ದರು. ಮುಚ್ಚಿದರು. ನಾತ ಇನ್ನೂ ಹೆಚ್ಚಾಯಿತು.

ಬೆಟ್ಟದ ಬುಡವನ್ನು ಹಾದು ಬಂದ ಸೀರೆಗಳಲ್ಲಿ, ಜಡೆಗಳಲ್ಲಿ, ಕೂಸು ಸುತ್ತಿದ ಬಟ್ಟೆಗಳಲ್ಲಿ ಬೆಟ್ಟವೂ ಜೊತೆಗೆ ಬಂದಿತ್ತು. ಹೆಂಗಸರು ಇವರಿಗೇನಾಯಿತು ಎಂದು ಮುಖ ಮುಖ ನೋಡಿಕೊಂಡರು. ಏನೆಂದು ಗೊತ್ತಿದ್ದವಳು ಅವರಲ್ಲಿ ಮೇದಿನಿ ಒಬ್ಬಳೇ. ಅವಳು ದಣಿದಿದ್ದಳು. ಕೂಸನ್ನು ಇನ್ನೊಂದು ಮಗ್ಗುಲಿಗೆ ಬದಲಿಸಿಕೊಂಡು, ಮಳೆ ನಿಂತರೂ ಸ್ವಲ್ಪ ಹೊತ್ತು ಅಲ್ಲೇ ಕೂತಳು.