ಜಾಡಿಯಲ್ಲಿ ಮುಗ್ಗಿದ ಪುದೀನ

ಬೆಳಗ್ಗೆ ಏಳೂವರೆ. ಅಜ್ಜ ಒಣ ಪುದೀನದ ಗಾಜಿನ ಜಾಡಿ ತೆರೆದು, ಒಳಗೆ ಮೂಗಿಟ್ಟು, ಉದ್ದಕ್ಕೆ ಉಸಿರೆಳೆದರು.

"ಆಹಾ, ಘಮ್ ಅಂತಿದೆ. ಬಾ, ನೀನೂ ನೋಡು," ಅಂದರು.

ಮೊಮ್ಮಗಳು ಒಂದು ಕಾಲಿಗೆ ಸಾಕ್ಸ್ ಹಾಕಿಕೊಂಡು ಇನ್ನೊಂದನ್ನು ಹುಡುಕುತ್ತಿದ್ದಳು. ಕುಂಟುತ್ತಾ ಬಂದು ಜಾಡಿಯನ್ನು ಮೂಸಿದಳು. ತಟ್ಟನೆ ಮುಖ ಹಿಂದೆಳೆದುಕೊಂಡಳು.

ಪುದೀನದ ಘಮ ಎಲ್ಲೋ ಅಡಿಯಲ್ಲಿ ಒಂದಿಷ್ಟು ಇತ್ತು. ಅದರ ಮೇಲೆ ಬೇರೇನೋ ಕೂತಿತ್ತು. ಒಂದು ಸಲ ಸ್ವಿಮ್ಮಿಂಗ್ ಮುಗಿಸಿ ಬಂದಮೇಲೆ ಒದ್ದೆ ಟವೆಲನ್ನು ಬ್ಯಾಗಿನಲ್ಲೇ ಮರೆತಿದ್ದಳು. ಮೂರು ದಿನ ಬಿಟ್ಟು ತೆಗೆದಾಗ ಬಂದಿತ್ತಲ್ಲ, ಅಂಥ ವಾಸನೆ.

ಅಜ್ಜ ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡು ಅವರ ಮುಖ ನೋಡಿದಳು. ಅಲ್ಲಿ ತಮಾಷೆ ಇರಲಿಲ್ಲ. ಖುಷಿ ಇತ್ತು.

"ಹೇಗಿದೆ?"

"ಹ್ಞೂಂ," ಅಂದಳು.

"ಏನಿದು, ರೇಡಿಯೊ ಇವತ್ತು ಒಂದೇ ಪದಕ್ಕೆ ಆಫ್ ಆಯ್ತು?"

ರೇಡಿಯೊ ಅನ್ನುವುದು ಅಜ್ಜ ಅವಳಿಗಿಟ್ಟ ಹೆಸರು. ಅವಳ ಬಾಯಲ್ಲಿ ಎಳ್ಳುಕಾಳೂ ನೆನೆಯುವುದಿಲ್ಲ. ಅಮ್ಮನ ಬರ್ತ್‌ಡೇಗೆ ಗುಟ್ಟಾಗಿ ತಂದ ಉಡುಗೊರೆ ಏನೆಂದು ಅಮ್ಮನಿಗೇ ಮೊದಲು ಹೇಳಿದವಳು ಅವಳು.

"ಸಾಯಂಕಾಲ ಬೇಕರಿಯವನು ಬರ್ತಾನೆ," ಅಂದರು ಅಜ್ಜ. "ಪಾಪ, ಆ ಮೈದಾ ಧೂಳಲ್ಲಿ ಕೆಮ್ಮಿ ಕೆಮ್ಮಿ ಸೋತುಹೋಗಿದ್ದಾನೆ. ಇದಷ್ಟೂ ಅವನಿಗೇ."

ಅಜ್ಜ ಮೊದಲು ಗಡಿಯಾರ ರಿಪೇರಿ ಮಾಡುತ್ತಿದ್ದರು. ಈಗ ಅವರ ಕೆಲಸವೆಲ್ಲ ತಾರಸಿಯ ಮೇಲೆ. ಹಳೇ ಬಕೆಟ್ಟು, ಎಣ್ಣೆ ಡಬ್ಬ, ಸೀಳಿದ ಟಬ್ಬು, ಎಲ್ಲದರಲ್ಲೂ ಪುದೀನ. ಗಿಡ ಹೂ ಬಿಡುವ ಮುಂಚೆ, ಬಿಸಿಲು ಏರುವ ಮುಂಚೆ ಕೊಯ್ಯಬೇಕು. ಬುಡದಲ್ಲಿ ಎರಡು ಜೊತೆ ಎಲೆ ಉಳಿಸಿ ಕತ್ತರಿಸಿದರೆ ಮತ್ತೆ ಚಿಗುರುತ್ತದೆ. ತೊಳೆದು, ನೀರು ಕೊಡವಿ, ಸಣ್ಣ ಕಟ್ಟು ಮಾಡಿ, ನೆರಳಲ್ಲಿ ತಲೆಕೆಳಗಾಗಿ ತೂಗುಹಾಕಬೇಕು. ಬಿಸಿಲಿಗೆ ಹಾಕಿದರೆ ಬಣ್ಣವೂ ಹೋಯಿತು, ಘಮವೂ ಹೋಯಿತು. ಇದೆಲ್ಲ ಅವಳಿಗೆ ಬಾಯಿಪಾಠ.

ಬೀದಿಯಲ್ಲಿ ಯಾರ ಗಂಟಲು ಕಟ್ಟಿದರೂ ಅಜ್ಜನ ಬಾಗಿಲು ತಟ್ಟುತ್ತಾರೆ. ಜ್ವರ ಇದೆ ಅಂದರೆ ಮಾತ್ರ ಅಜ್ಜ ಕೊಡುವುದಿಲ್ಲ. "ಮೊದಲು ಡಾಕ್ಟರ ಹತ್ತಿರ ಹೋಗು. ಪುದೀನ ಎಲ್ಲೂ ಓಡಿಹೋಗಲ್ಲ," ಅನ್ನುತ್ತಾರೆ.

ಶಾಲೆಯಲ್ಲಿ ಅವಳಿಗೆ ಹೊಸ ಅನುಮಾನ ಶುರುವಾಯಿತು. ತನ್ನ ಮೂಗೇ ಸರಿಯಿಲ್ಲವೇನೋ. ರಬ್ಬರ್ ಮೂಸಿದಳು. ರಬ್ಬರಿನ ವಾಸನೆಯೇ ಬಂತು. ಟಿಫಿನ್ ಬಾಕ್ಸ್ ಮೂಸಿದಳು. ಪಕ್ಕದವಳ ಜಡೆ ಮೂಸಿದಳು. ಕೊಬ್ಬರಿ ಎಣ್ಣೆ.

"ಏನೇ, ನಾಯಿಮರಿ ಥರ?" ಅಂದಳು ಪಕ್ಕದವಳು.

"ಟೆಸ್ಟ್ ಮಾಡ್ತಿದೀನಿ."

"ಪಾಸಾ, ಫೇಲಾ?"

ಮೂಗು ಪಾಸಾಗಿತ್ತು. ಅದೇ ತೊಂದರೆ.

ಸಂಜೆ ಮೆಟ್ಟಿಲು ಹತ್ತುವಾಗಲೇ ಸುಟ್ಟ ಹಾಲಿನ ವಾಸನೆ ಬಡಿಯಿತು. ಉಳಿದ ಮೆಟ್ಟಿಲುಗಳನ್ನು ಓಡಿ ಹತ್ತಿದಳು. ಒಲೆಯ ಮೇಲೆ ಪಾತ್ರೆ ತಳ ಹಿಡಿದು ಹೊಗೆ ಬಿಡುತ್ತಿತ್ತು. ಅಜ್ಜ ಒಲೆಗೆ ಬೆನ್ನು ಮಾಡಿ ಮೇಜಿನ ಮುಂದೆ ಕೂತು, ಹಾಡು ಗುನುಗುತ್ತಾ ಪುದೀನವನ್ನು ಪೊಟ್ಟಣಕ್ಕೆ ತುಂಬುತ್ತಿದ್ದರು.

ಅವಳು ಒಲೆ ಆರಿಸಿ ಕಿಟಕಿ ತೆರೆದಳು. ಅಜ್ಜ ತಿರುಗಿ ಪಾತ್ರೆ ನೋಡಿದರು, ಅವಳನ್ನು ನೋಡಿದರು.

"ಗಮನ ಬೇರೆ ಕಡೆ ಇತ್ತು ಕಣೇ."

"ಮೆಟ್ಟಿಲ ಹತ್ರಾನೇ ವಾಸನೆ ಬರ್ತಿತ್ತು, ಅಜ್ಜ."

ಅಜ್ಜ ಮತ್ತೆ ಪೊಟ್ಟಣದ ಕಡೆ ತಿರುಗಿದರು.

"ಈಗ ನಿನಗೆ ಏನು ವಾಸನೆ ಬರ್ತಿದೆ?"

ಅಜ್ಜ ಪೊಟ್ಟಣದ ಅಂಚು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು. "ಏನೂ ಇಲ್ಲ," ಅಂದರು. "ಚಳಿಗಾಲದಲ್ಲಿ ಜ್ವರ ಬಂದಿತ್ತಲ್ಲ, ಆವತ್ತಿಂದ. ಇವತ್ತು ಬರುತ್ತೆ, ನಾಳೆ ಬರುತ್ತೆ ಅಂತ ಕಾದೆ. ಬೆಳಗ್ಗೆ ಘಮ್ ಅಂದಿದ್ದೂ ಬರೀ ನೆನಪಿಂದ."

"ಅಮ್ಮನಿಗೆ ಹೇಳಿಲ್ವಾ?"

"ಹೇಳಿದ್ರೆ ಒಲೆ ಮುಟ್ಟಬೇಡ ಅಂತಾಳೆ. ಊರಿಗೆ ಗೊತ್ತಾದ್ರೆ, ಮೂಗಿಲ್ಲದವನ ಪುದೀನ ಯಾರಿಗೆ ಬೇಕು? ನೀನೂ ಹೇಳ್ಬೇಡ."

ಅಷ್ಟರಲ್ಲಿ ಕೆಳಗಿನಿಂದ ಕೆಮ್ಮು ಕೇಳಿಸಿತು. ಬೇಕರಿಯವರು ಮೆಟ್ಟಿಲು ಹತ್ತುತ್ತಿದ್ದರು. ನಾಲ್ಕು ಮೆಟ್ಟಿಲು ಹತ್ತುವುದು, ನಿಂತು ಕೆಮ್ಮುವುದು, ಮತ್ತೆ ಹತ್ತುವುದು.

ಅಜ್ಜ ಪೊಟ್ಟಣ ಕೈಗೆತ್ತಿಕೊಂಡು ಎದ್ದರು. ಅವಳು ಅಡ್ಡ ನಿಂತಳು.

"ಅದನ್ನ ಕೊಡಬೇಡ ಅಜ್ಜ. ಮುಗ್ಗಿದೆ. ಬೆಳಗ್ಗೇನೇ ಮುಗ್ಗಿತ್ತು. ನಿನಗೆ ಬೇಜಾರಾಗುತ್ತೆ ಅಂತ ಹೇಳಲಿಲ್ಲ."

ಅಜ್ಜ ಕಿಟಕಿಯ ಬಳಿ ಹೋಗಿ ಪೊಟ್ಟಣವನ್ನು ಹಾಳೆಯ ಮೇಲೆ ಸುರುವಿದರು. ಗಡಿಯಾರ ರಿಪೇರಿಯ ಭೂತಕನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡರು. ಎಲೆ ಹಸಿರಾಗೇ ಇತ್ತು. ಒಂದು ಕಡ್ಡಿ ಎತ್ತಿ ಬಗ್ಗಿಸಿದರು. ಅದು ಪಟ್ಟಂತ ಮುರಿಯಬೇಕಿತ್ತು. ತಂತಿಯ ಹಾಗೆ ಬಾಗಿತು. ಗೆಣ್ಣಿನಲ್ಲಿ ಬಿಳಿ ಬೂಷ್ಟು ಇತ್ತು.

"ತುಂಬುವಾಗ ಎಲೆ ಪರಪರ ಅಂತಿತ್ತು," ಅಂದರು, ತಮಗೆ ತಾವೇ ಹೇಳಿಕೊಳ್ಳುವಂತೆ. "ಕಡ್ಡಿ ಒಣಗಿರಲಿಲ್ಲ. ಕಡ್ಡಿಯ ನೀರೇ ಜಾಡಿ ತುಂಬ ಹರಡಿದೆ. ಮುಂಚೆ ಆಗಿದ್ರೆ ಮುಚ್ಚಳ ತೆಗೆದ ಕೂಡಲೇ ಗೊತ್ತಾಗ್ತಿತ್ತು."

ಬಾಗಿಲು ಬಡಿದ ಸದ್ದಾಯಿತು. ಹುಬ್ಬಿನ ಮೇಲೂ ಮೈದಾ ಇದ್ದ ಬೇಕರಿಯವರು ಒಳಗೆ ಬಂದು, ಕುರ್ಚಿ ಹಿಡಿದು ದಮ್ಮು ಸುಧಾರಿಸಿಕೊಂಡರು.

"ಇವತ್ತು ಕೊಡೋದಿಲ್ಲ ಕಣಪ್ಪಾ. ಹಾಳಾಗಿದೆ," ಅಂದರು ಅಜ್ಜ.

"ಸ್ವಲ್ಪ ಹಳೇದಾದ್ರೂ ನಡೆಯುತ್ತೆ, ಯಜಮಾನ್ರೇ."

"ಹಳೇದಲ್ಲ. ಬೂಷ್ಟು. ಕೆಮ್ಮೋ ಎದೆಗೆ ಬೂಷ್ಟು ಕೊಡೋಕಾಗುತ್ತಾ?" ಅಜ್ಜ ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ನನ್ನ ಮೂಗಿಗೆ ವಾಸನೆ ಗೊತ್ತಾಗಲ್ಲಪ್ಪ ಈಗ. ಇವಳು ತಡೀದಿದ್ರೆ ನಿನಗೆ ಕೊಟ್ಟೇ ಕಳಿಸ್ತಿದ್ದೆ."

ಬೇಕರಿಯವರು ಅಜ್ಜನನ್ನೇ ನೋಡಿದರು. "ಹಾಗಾದ್ರೆ ಹೋದ ವಾರ ನನ್ನ ಕೇಕಿನ ಘಮ ಅಷ್ಟು ಹೊಗಳಿದ್ರಲ್ಲ?"

"ಅದು ಮರ್ಯಾದೆಗೆ."

ಬೇಕರಿಯವರಿಗೆ ನಗು ಬಂತು. ನಗುವಿನ ಹಿಂದೆಯೇ ಕೆಮ್ಮು ಬಂತು. ಅದು ನಿಂತ ಮೇಲೆ ಅವಳ ಕಡೆ ತಿರುಗಿ, ಮೈದಾ ಮೆತ್ತಿದ ಕೈಗಳನ್ನು ಜೋಡಿಸಿ, "ದೊಡ್ಡ ಉಪಕಾರ ಆಯ್ತು, ತಾಯಿ," ಅಂದರು.

ಅವಳು ತಾರಸಿಗೆ ಓಡಿಹೋಗಿ ಹಸಿ ಪುದೀನದ ನಾಲ್ಕು ಕುಡಿ ಚಿವುಟಿ ತಂದಳು. ಅಜ್ಜ ಅವನ್ನು ಲೋಟಕ್ಕೆ ಹಾಕಿ, ಕುದಿಯುವ ನೀರು ಹೊಯ್ದು, ಘಮ ಹಾರಿಹೋಗದಂತೆ ಮೇಲೆ ತಟ್ಟೆ ಮುಚ್ಚಿದರು. ಬೇಕರಿಯವರು ಅದನ್ನು ನಿಧಾನವಾಗಿ ಕುಡಿದು, ಎದೆಯನ್ನು ಡಾಕ್ಟರಿಗೂ ತೋರಿಸುತ್ತೇನೆಂದು ಅಜ್ಜನಿಗೆ ಮಾತು ಕೊಟ್ಟು ಹೋದರು.

ಆಮೇಲೆ ಅಜ್ಜ ಕಪಾಟಿನಲ್ಲಿದ್ದ ಜಾಡಿಗಳನ್ನೆಲ್ಲ ಮೇಜಿನ ಮೇಲೆ ಸಾಲಾಗಿ ಇಟ್ಟರು.

"ಒಂದೊಂದೇ ಮೂಸಿ ಹೇಳು. ನನ್ನ ಮುಖ ನೋಡ್ಬೇಡ. ಜಾಡಿ ನೋಡು."

ಅವಳು ಜಾಡಿಯನ್ನಷ್ಟೇ ನೋಡಿದಳು. "ಇದು ಸರಿಯಿದೆ. ಇದೂ ಸರಿ. ಇದು… ಮುಗ್ಗಿದೆ, ಅಜ್ಜ."

"ಒಳ್ಳೇದಾಯ್ತು," ಅಂದು ಅಜ್ಜ ಅದನ್ನು ಕಸದ ಬುಟ್ಟಿಗೆ ಸುರುವಿದರು. ಅವರ ದನಿಯಲ್ಲಿ ಬೇಸರ ಇರಲಿಲ್ಲ. ಅವಳು ಮುಂದಿನ ಜಾಡಿಯ ಮುಚ್ಚಳ ತೆಗೆದಳು. ಈ ಸಲ ಹೆದರಿಕೆಯಾಗಲಿಲ್ಲ.

ಊಟದ ಹೊತ್ತಿಗೆ ಅಜ್ಜ ಅಮ್ಮನಿಗೆ ತಾವೇ ಹೇಳಿದರು. ಅಮ್ಮ ತಟ್ಟೆಯಿಂದ ಕೈ ತೆಗೆದು, "ಇಷ್ಟು ದಿನ ಒಬ್ಬನೇ ಇಟ್ಕೊಂಡಿದ್ಯಾ, ಅಪ್ಪ?" ಅಂದಳು. ಬೈಯಲಿಲ್ಲ. ಯಾರೂ ಇಲ್ಲದಾಗ ಒಲೆ ಹಚ್ಚಬಾರದು ಅಂತ ಮಾತ್ರ ಆಯಿತು. ಮಾರನೆಯ ದಿನ ಅಜ್ಜ, ಅಮ್ಮ ಇಬ್ಬರೂ ಡಾಕ್ಟರ ಬಳಿ ಹೋದರು. ವಾಸನೆ ತಿರುಗಿ ಬರಬಹುದು, ಬರದೆಯೂ ಇರಬಹುದು ಅಂದರು ಡಾಕ್ಟರು.

ಭಾನುವಾರ ಬೇಕರಿಯಿಂದ ಬಿಸಿ ಬನ್ನುಗಳ ಕವರ್ ಬಂತು. ಅವಳು ಒಂದನ್ನು ಬಾಯಿಗಿಡುವುದರಲ್ಲಿದ್ದಳು. ಅಜ್ಜ ತಮ್ಮ ಬನ್ನನ್ನು ಕೈಯಲ್ಲಿ ಹಿಡಿದು ಸುಮ್ಮನೆ ಕೂತಿದ್ದರು.

ಅವಳು ಬನ್ನನ್ನು ಕೆಳಗಿಳಿಸಿ, ಮಧ್ಯಕ್ಕೆ ಮುರಿದು, ಮೂಗಿನ ಹತ್ತಿರ ತಂದಳು.

"ಮೇಲ್ಗಡೆ ಚೂರು ಸುಟ್ಟ ಸಕ್ಕರೆ," ಅಂದಳು. "ಒಳಗೆ ಹಾಲು. ಆಮೇಲೆ, ಇಸ್ತ್ರಿ ಮಾಡಿದ ಬಟ್ಟೆ ಇರುತ್ತಲ್ಲ, ಆ ಥರ ಬೆಚ್ಚಗೆ."

ಅಜ್ಜ ಕಣ್ಣು ಮುಚ್ಚಿದ್ದರು. "ಇನ್ನೂ?"

ಅವಳು ಇನ್ನೊಂದು ಸಲ ನಿಧಾನವಾಗಿ ಮೂಸಿದಳು. "ಬೆಣ್ಣೆ. ಕೊನೆಗೆ ಬರುತ್ತೆ, ಚೂರೇ ಚೂರು."

ಅಜ್ಜ ತಲೆಯಾಡಿಸಿದರು. ಆಮೇಲೆ ಇಬ್ಬರೂ ತಿಂದರು.