ಅಮ್ಮನ ಹಲ್ಲಿಗೆ ಕೆಂಪು ಬೆಳಕು

ಅರುಣ ಕೊನೆಯ ಕೊಡದ ನೀರನ್ನು ಡ್ರಮ್ಮಿಗೆ ಸುರಿದು ಅಮ್ಮನ ಕಡೆ ನೋಡಿದ. ಅಮ್ಮ ವರಲಕ್ಷ್ಮಿ ಗೋಡೆಗೆ ಒರಗಿ ಕೂತಿದ್ದಳು.

“ಅಮ್ಮಾ, ನೀರು ತುಂಬಿಸ್ದೆ.”

ಅಮ್ಮ ತಲೆಯಾಡಿಸಿದಳು, ಅಷ್ಟೇ.

ನಿನ್ನೆ ಸಂಜೆಯಿಂದ ಹೀಗೇ. ಅಮ್ಮನ ಹಲ್ಲಿಗೆ ನಿನ್ನೆ ರೂಟ್ ಕೆನಾಲ್ ಚಿಕಿತ್ಸೆ ಇತ್ತು. ಅಪ್ಪನಿಗೆ ಫ್ಯಾಕ್ಟರಿಯಲ್ಲಿ ಡ್ಯೂಟಿ. ಒಬ್ಬಳೇ ಹೋಗಲು ಒಂಥರಾ ಭಯ, ಜೊತೆಗೆ ಬಾ ಎಂದು ಅಮ್ಮ ಅರುಣನನ್ನು ಕರೆದಿದ್ದಳು. ಆದರೆ ಅವನಿಗೆ ಪಕ್ಕದ ಬೀದಿಯವರ ಜೊತೆ ಮ್ಯಾಚ್ ಇತ್ತು. ಆಗಲ್ಲ ಎಂದು ಬ್ಯಾಟ್ ಹಿಡಿದು ಓಡಿದ್ದ.

ಆಟ ಮುಗಿಸಿ ಬಂದಾಗ ಅಮ್ಮ ಆ ಕಡೆ ತಿರುಗಿ ಮಲಗಿದ್ದಳು. ಕರೆದರೂ ಮಾತಾಡಲಿಲ್ಲ. ರಾತ್ರಿ ಅಪ್ಪನೇ ಅನ್ನ ಬಡಿಸಿದ.

ಅಮ್ಮ ಬೈದಿದ್ದರೆ ಅರುಣನಿಗೆ ಇಷ್ಟು ಕಷ್ಟ ಆಗುತ್ತಿರಲಿಲ್ಲ. ಬೆಳಿಗ್ಗೆ ಎದ್ದವನೇ ಹಾಸಿಗೆ ಮಡಚಿದ. ಕಸ ಗುಡಿಸಿದ. ದಸರಾ ರಜೆ ಇದ್ದರೂ ಹೊರಗೆ ಹೋಗಲಿಲ್ಲ. ಆದರೂ ಅಮ್ಮನ ಕೋಪ ಇಳಿದ ಹಾಗೆ ಕಾಣಲಿಲ್ಲ.

ಮಧ್ಯಾಹ್ನ ಅಮ್ಮ ಸೆರಗನ್ನು ಕೆನ್ನೆಗೆ ಒತ್ತಿಕೊಂಡು ಎದ್ದಳು. ಚಪ್ಪಲಿ ಹಾಕಿಕೊಂಡು, ಬಾ ಎಂದು ಕೈಸನ್ನೆ ಮಾಡಿದಳು. ಎಲ್ಲಿಗೆ ಎಂದು ಕೇಳುವ ಧೈರ್ಯ ಅರುಣನಿಗೆ ಬರಲಿಲ್ಲ.

ಅವರು ಹೋದದ್ದು ವಿಜಯನಗರದ ಮೇನ್ ರೋಡಿನಲ್ಲಿದ್ದ ಡೆಂಟಲ್ ಕ್ಲಿನಿಕ್ಕಿಗೆ. ಡಾಕ್ಟರ್ ಕಲಾವತಿ ಅಮ್ಮನನ್ನು ಉದ್ದ ಕುರ್ಚಿಯಲ್ಲಿ ಕೂರಿಸಿ, ಹಲ್ಲನ್ನು ಮೆಲ್ಲಗೆ ತಟ್ಟಿ ನೋಡಿದರು. ಅಮ್ಮನ ಕಣ್ಣಲ್ಲಿ ನೀರು ಬಂತು.

“ನಿನ್ನೆಯಿಂದ ಬಾಯಿ ತೆಗೆದು ಮಾತಾಡೋಕೂ ಆಗಿಲ್ಲ, ಅಲ್ವಾ?” ಎಂದು ಡಾಕ್ಟರ್ ಕೇಳಿದರು.

ಅಮ್ಮ ಹೌದೆಂದು ತಲೆಯಾಡಿಸಿದಳು.

ಬಾಗಿಲ ಹತ್ತಿರ ನಿಂತಿದ್ದ ಅರುಣ ಥಟ್ಟನೆ ತಲೆಯೆತ್ತಿದ.

ರೂಟ್ ಕೆನಾಲ್ ಆದ ಮೇಲೆ ಕೆಲವರಿಗೆ ಹಲ್ಲಿನ ಬೇರಿನ ಸುತ್ತ ಊದಿಕೊಂಡು ಹೀಗೆ ನೋವು ಬರುತ್ತದೆ, ಹಲ್ಲಿಗೇನೂ ತೊಂದರೆಯಿಲ್ಲ ಎಂದು ಡಾಕ್ಟರ್ ಹೇಳಿದರು. ನೋವಿನ ಮಾತ್ರೆಯ ಜೊತೆಗೆ ಲೇಸರ್ ಬೆಳಕು ಕೊಟ್ಟು ನೋಡೋಣ, ಇದು ಚುಚ್ಚುವುದಿಲ್ಲ, ಕೊಯ್ಯುವುದೂ ಇಲ್ಲ ಎಂದರು. ಎಲ್ಲರೂ ಕಪ್ಪು ಕನ್ನಡಕ ಹಾಕಿಕೊಳ್ಳಬೇಕಿತ್ತು. ಅರುಣನಿಗೂ ಒಂದು ಸಿಕ್ಕಿತು. ಅದು ಮೂಗಿನಿಂದ ಜಾರುತ್ತಿತ್ತು.

ಅಮ್ಮ ಕುರ್ಚಿಯ ಕೈಯನ್ನು ಬಿಗಿಯಾಗಿ ಹಿಡಿದಿದ್ದಳು. ಅರುಣ ಹತ್ತಿರ ಹೋಗಿ ಅವಳ ಬೆರಳು ಮುಟ್ಟಿದ. ಅಮ್ಮ ತಕ್ಷಣ ಅವನ ಕೈ ಹಿಡಿದುಕೊಂಡಳು.

ಡಾಕ್ಟರ್ ಪೆನ್ನಿನಂಥ ಕಡ್ಡಿಯೊಂದನ್ನು ಅಮ್ಮನ ವಸಡಿನ ಹತ್ತಿರ ಹಿಡಿದರು. ಅದರ ತುದಿಯಲ್ಲಿ ಸಣ್ಣ ಕೆಂಪು ಬೆಳಕು. ಸದ್ದಿಲ್ಲ, ಹೊಗೆಯಿಲ್ಲ. ಇದರಿಂದ ನೋವು ಹೇಗೆ ಹೋಗುತ್ತದೋ ಎಂದುಕೊಂಡ ಅರುಣ.

ಮುಗಿದ ಮೇಲೆ ಅಮ್ಮ ಸ್ವಲ್ಪ ಹೊತ್ತು ಹೊರಗಿನ ಬೆಂಚಿನ ಮೇಲೆ ಕೂತಿದ್ದಳು. ನಿಧಾನವಾಗಿ ಅವಳ ಹಣೆಯ ಗೆರೆಗಳು ಸಡಿಲವಾದವು. ಕೆನ್ನೆಯಿಂದ ಸೆರಗು ತೆಗೆದಳು.

“ಪೂರ್ತಿ ಹೋಗಿಲ್ಲ. ಆದ್ರೆ ಹಗುರ ಆಯ್ತು ಕಣೋ,” ಎಂದಳು.

ಆ ದನಿ ಕೇಳಿ ಅರುಣನಿಗೆ ಅಳುವೇ ಬಂತು.

ಮಾರ್ಕೆಟ್ ದಾಟುವಾಗ ಅಮ್ಮ, “ಬೆಳಿಗ್ಗೆಯಿಂದ ಅಷ್ಟೊಂದು ಕೆಲ್ಸ ಯಾಕೋ ಮಾಡ್ದೆ?” ಎಂದು ಕೇಳಿದಳು.

“ನಿಂಗೆ ನನ್ಮೇಲೆ ಕೋಪ ಅಂದ್ಕೊಂಡೆ. ನಿನ್ನೆ ಬರ್ಲಿಲ್ಲ ಅಂತ.”

“ನಿನ್ನೆ ಸ್ವಲ್ಪ ಬೇಜಾರಾಗಿತ್ತು,” ಎಂದಳು ಅಮ್ಮ. “ಆಮೇಲೆ ನೋವು ಶುರುವಾಯ್ತು ನೋಡು, ಎಲ್ಲ ಮರ್ತೇಹೋಯ್ತು.”

ಅಮ್ಮ ನಗಲು ಹೋಗಿ, ಕೆನ್ನೆ ಎಳೆದಂತಾಗಿ, ಮತ್ತೆ ಸುಮ್ಮನಾದಳು. ಹೂವಿನ ಅಂಗಡಿ ದಾಟಿದರು, ಬಸ್ ಸ್ಟಾಪ್ ದಾಟಿದರು. ಅರುಣ ಅವಳ ಕೈಯಲ್ಲಿದ್ದ ಚೀಲವನ್ನು ತೆಗೆದುಕೊಂಡು, ಅವಳ ನಡಿಗೆಗೆ ಸರಿಯಾಗಿ ನಿಧಾನವಾಗಿ ನಡೆದ.

ಅಮ್ಮ ಸುಮ್ಮನಿದ್ದರೂ ಈಗ ಅವನಿಗೆ ಭಯವಾಗಲಿಲ್ಲ.